ಡ್ರೈವರನ ಹಿಂದಿನ ಸೀಟು

ಅಪ್ಪನನ್ನು ಮಣ್ಣು ಮಾಡಿ ಬಂದ ಮಗಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟಳು.

"ಹತ್ತೇ, ಬಿಸಿಲು," ಎಂದಳು ಒಳಗಿನಿಂದ ಸೋದರತ್ತೆ.

ಅಷ್ಟು ದೊಡ್ಡ ಬಸ್ಸಿನಲ್ಲಿ ಬೆರಳೆಣಿಕೆಯಷ್ಟು ಜನ. ಖಾಸಗಿ ಯೂನಿವರ್ಸಿಟಿ ತನ್ನ ಡ್ರೈವರನ ಮಣ್ಣಿಗೆ ಬಸ್ಸನ್ನೇನೋ ಕಳಿಸಿತ್ತು. ಅವನು ದಿನವೂ ಕರೆದೊಯ್ಯುತ್ತಿದ್ದ ಮಕ್ಕಳಿಗೆ ಮಾತ್ರ ಅಂದು ಪರೀಕ್ಷೆ. ಸಾಯುವುದಕ್ಕೂ ಒಂದು ಒಳ್ಳೆಯ ದಿನ ನೋಡಿಕೊಳ್ಳಲು ಬರಲಿಲ್ಲ ಮಹಾರಾಯನಿಗೆ.

ಡ್ರೈವರನ ಹಿಂದಿನ ಸೀಟಿನ ಮೇಲೆ ಅಪ್ಪನ ಟವೆಲ್ ಹಾಸಿತ್ತು. ಅದನ್ನು ದಾಟಿ ಹೊರಟವಳನ್ನು ಬಸ್ಸು ಗುಡಿಸುವ ಆಯಾ ತಡೆದಳು.

"ಅಲ್ಲೇ ಕೂತ್ಕೊಳಮ್ಮ, ಅದು ನಿಂದೇ. ನೀನು ಕಾಲೇಜು ಬಿಟ್ಮೇಲೆ ನಿಮ್ಮಪ್ಪ ಯಾರನ್ನೂ ಕೂರಿಸಿಲ್ಲ. ಸ್ಪ್ರಿಂಗ್ ಚುಚ್ಚುತ್ತೆ ಅಂತ ಎಲ್ರಿಗೂ ಸುಳ್ಳು ಹೇಳ್ತಿದ್ರು."

*

ಅವರ ಬೀದಿಯಿಂದ ಆ ಯೂನಿವರ್ಸಿಟಿಗೆ ಹೋಗುತ್ತಿದ್ದವರು ಗುಡಿಸುವವರು, ಅಡುಗೆಯವರು, ಡ್ರೈವರುಗಳು. ಇಂಥ ಬೀದಿಗಳ ಮಕ್ಕಳಿಗೂ ಶುಲ್ಕವಿಲ್ಲದೆ ಪ್ರವೇಶ ಕೊಟ್ಟ ಮೊದಲ ವರ್ಷ ಅವಳು ಆಯ್ಕೆಯಾದಳು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ದಿನ, ಕುಲಪತಿಗಳ ಕಾರಷ್ಟೇ ನಿಲ್ಲುವ ಮುಖ್ಯ ಬಾಗಿಲಿಗೇ ಬಸ್ಸು ಒಯ್ದ. ಇಳಿದು ಬಂದು, ಬಾಗಿಲು ತೆರೆದು ಹಿಡಿದು, "ಬನ್ನಿ ಮೇಡಂ," ಎಂದ.

ಬಸ್ಸಿಗೆ ಬಸ್ಸೇ ನಕ್ಕಿತು. ಆ ವಾರವೆಲ್ಲ ಕ್ಲಾಸಿನಲ್ಲಿ ಅವಳಿಗೆ 'ಮೇಡಂ' ಎಂದೇ ಹೆಸರು. ಮರುವಾರದಿಂದ ಅವಳು ಹೋಗಲಿಲ್ಲ.

ಅಪ್ಪ ಮಾತ್ರ ದಿನಾ ಬೆಳಿಗ್ಗೆ ಮನೆಯ ಮುಂದೆ ಬಸ್ಸು ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಬೇಕೆಂದೇ ಚುಚ್ಚುತ್ತಾನೆ ಎಂದುಕೊಂಡು ಅವಳು ಕಿಟಕಿ ಮುಚ್ಚುತ್ತಿದ್ದಳು. ಒಂದೇ ಸೂರಿನಡಿ ಇಬ್ಬರೂ ಒಂಟಿಯಾದರು.

*

"ಬಿಟ್ಟೋದವ್ರನ್ನೂ ಈ ಸಲ ಮತ್ತೆ ಸೇರಿಸ್ಕೋತಾರಮ್ಮ," ಎಂದಳು ಆಯಾ. "ಆಫೀಸಿಗೆ ಅಲೆದೂ ಅಲೆದೂ ವಿಚಾರಿಸ್ಕೊಂಡು ಬಂದಿದ್ರು. ನಿಂಗೆ ಹೇಳೋಕೆ ಮಾತ್ರ ಹೆದರಿಕೆ. 'ನಾನು ಬಾಯಿಬಿಟ್ರೆ ಮತ್ತೆ ಕೆಡುತ್ತೆ' ಅಂತಿದ್ರು."

ಅವಳು ಟವೆಲ್ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಸೀಟು ಚುಚ್ಚಲಿಲ್ಲ.

ಹೊಸ ಡ್ರೈವರ್ ಬಸ್ಸು ಚಾಲೂ ಮಾಡಿದ.

"ಅಣ್ಣಾ, ನಾಳೆ ಬೆಳಿಗ್ಗೆ ನೀವೇ ಬರ್ತೀರಾ?"

"ಹೂನಮ್ಮ, ಇನ್ಮೇಲೆ ನಾನೇ."

"ನಮ್ಮನೆ ಮುಂದೆ ಎರಡು ಸಲ ಹಾರ್ನ್ ಹೊಡೀರಿ."

ಅವನು ತಲೆಯಾಡಿಸಿ, ಮೇಲಿದ್ದ ಕನ್ನಡಿಯತ್ತ ಕೈ ಚಾಚಿದ. "ಇದ್ಯಾಕೆ ಹೀಗೆ ತಿರುಗಿಸಿಟ್ಟಿದಾರೆ? ಈ ಸೀಟೊಂದು ಬಿಟ್ರೆ ಹಿಂದೆ ಯಾರೂ ಕಾಣಲ್ವಲ್ಲ."

ಅವಳು ತಲೆಯೆತ್ತಿ ನೋಡಿದಳು. ಕನ್ನಡಿಯ ತುಂಬ ಅವಳ ಮುಖವೊಂದೇ ಇತ್ತು.