ಕೇಳಿದಷ್ಟೇ ಹೇಳಿದ ಸಾಕ್ಷಿ

ಎಂಬತ್ತನಾಲ್ಕರಲ್ಲಿ ವತ್ಸಲಾ ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದಳು. ಆ ಆಷಾಢದಲ್ಲಿ ಲೇತ್ ವಿಭಾಗದ ಹನುಮಯ್ಯ, ಇನ್ನೂ ಬಾರದಿದ್ದ ಜೊತೆಗಾರನ ಹಾಜರಿ ಕಾರ್ಡನ್ನೂ ತಾನೇ ಪಂಚ್ ಮಾಡಿ ಸಿಕ್ಕಿಬಿದ್ದ. ಜೊತೆಗಾರನ ಹೆಂಡತಿಗೆ ಹೆರಿಗೆ ನೋವು ಬಂದಿತ್ತು ಎಂದ. ಅಧಿಕಾರಿಗಳು ಇಬ್ಬರೂ ಸೇರಿ ಕಟ್ಟಿದ ಕಥೆ ಎಂದರು. ವತ್ಸಲಾಳನ್ನು ಕರೆದು ಕೇಳಿದ್ದು ಒಂದೇ: "ಪಂಚ್ ಮಾಡಿದ್ದು ನೋಡಿದ್ರಾ?"

"ನೋಡ್ದೆ ಸಾರ್."

ಹನುಮಯ್ಯ ಸಸ್ಪೆಂಡ್ ಆದ. ಮಾರನೆಯ ದಿನದಿಂದ ಕ್ಯಾಂಟೀನಿನಲ್ಲಿ ಅವಳು ತಟ್ಟೆ ಇಟ್ಟ ಮೇಜಿನಿಂದ ಉಳಿದವರು ಎದ್ದು ಹೋಗತೊಡಗಿದರು.

ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲೂ ಅವಳು ಒಬ್ಬಳೇ. ಹೊತ್ತು ಹೋಗಲೆಂದು ಬ್ಯಾಂಕ್ ಪರೀಕ್ಷೆಗೆ ಓದಲು ಕೂತಳು. ತರ್ಕದ ಪುಸ್ತಕದಲ್ಲಿ ಒಂದು ವಾದ ಕೊಟ್ಟು, ಅದನ್ನು ಸಮರ್ಥಿಸುವ ನೀತಿ ಯಾವುದೆಂದು ಕೇಳುತ್ತಿದ್ದರು. ಆ ನೀತಿ ಸರಿಯೋ ತಪ್ಪೋ ನೋಡುವ ಹಾಗಿಲ್ಲ. ವಾದಕ್ಕೆ ಆಧಾರವಾದರೆ ಸಾಕು.

ಒಂದು ಭಾನುವಾರ ಈ ಪ್ರಶ್ನೆ ಬಂತು: ಕಾವಲುಗಾರನೊಬ್ಬ ಗೇಟು ಬಿಟ್ಟು ಓಡಿ, ಬಾವಿಗೆ ಬಿದ್ದ ಮಗುವನ್ನು ಉಳಿಸಿದ. ಆದರೂ ಅವನಿಗೆ ಶಿಕ್ಷೆಯಾಗಬೇಕು ಎಂಬುದು ವಾದ. 'ಕಾರಣ ಏನೇ ಇರಲಿ, ನಿಯಮ ಮುರಿದವರನ್ನು ಶಿಕ್ಷಿಸಬೇಕು' ಎಂಬ ನೀತಿಗೆ ಅವಳು ಗುರುತು ಹಾಕಿದಳು. ಉತ್ತರ ಸರಿಯಾಗಿತ್ತು. ಆದರೆ ಮುಂದಿನ ಪ್ರಶ್ನೆಗೆ ಹೋಗಲು ಮನಸ್ಸು ಬರಲಿಲ್ಲ.

ಹೊರಗೆ ರಾಗಿ ಕೇರುತ್ತಿದ್ದ ಮನೆಯೊಡತಿ ಲಕ್ಷ್ಮಮ್ಮನಿಗೆ ಅದನ್ನು ಓದಿ ಹೇಳಿದಳು.

"ಮಗಾ ಉಳೀತಲ್ಲ, ಇನ್ಯಾಕವ್ವಾ ಸಿಕ್ಸೆ?"

"ಪುಸ್ತಕದಲ್ಲಿ ಹಂಗಿದೆ, ಅಮ್ಮ."

"ಅಂಗಂತ ಬರ್ದೋನು ಬಾವಿ ತಾವ ಇದ್ನಾ?"

ವತ್ಸಲಾ ಪುಸ್ತಕ ಮುಚ್ಚಿದಳು. ಅವಳಂತೂ ಇದ್ದಳು. ಹನುಮಯ್ಯ ಪಂಚ್ ಮಾಡಿದ ಆ ಬೆಳಿಗ್ಗೆ, ಹೆರಿಗೆಯ ಸುದ್ದಿ ಹೇಳಲು ಆಸ್ಪತ್ರೆಯಿಂದ ಬಂದ ಫೋನನ್ನು ಎತ್ತಿದ್ದವಳು ಅವಳೇ.

ಸೋಮವಾರ ಸಿಬ್ಬಂದಿ ಅಧಿಕಾರಿ ಶ್ಯಾಮಸುಂದರರ ಕೋಣೆಗೆ ಹೋಗಿ ನಿಂತಳು. "ಸಾರ್, ಹನುಮಯ್ಯ ಹೇಳಿದ್ದು ನಿಜ. ಆಸ್ಪತ್ರೆಯಿಂದ ಫೋನ್ ಬಂದಿತ್ತು."

"ಆಗ್ಲೇ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್. ಹೇಳಿದ್ರೆ ನಾನೂ ಅವರ ಕಡೆ ಅಂದ್ಕೋತೀರಿ ಅಂತ ಹೆದರ್ಕೊಂಡೆ."

ಅವರು ಒಂದು ಬಿಳಿ ಹಾಳೆಯನ್ನು ಅವಳ ಮುಂದೆ ಸರಿಸಿದರು. "ಬರ್ದುಕೊಡಿ. ನಿಮಗೂ ಒಂದು ಮೆಮೋ ಬರುತ್ತೆ."

"ಬರ್ಲಿ ಸಾರ್."

ಹತ್ತು ದಿನಕ್ಕೆ ಹನುಮಯ್ಯ ಬರೀ ಎಚ್ಚರಿಕೆಯೊಂದಿಗೆ ಕೆಲಸಕ್ಕೆ ಮರಳಿದ. ಟೈಮ್ ಆಫೀಸಿನ ಕಿಟಕಿಯ ಬಳಿ ನಿಂತು, ಮೆಲ್ಲಗೆ ಹೇಳಿದ: "ಎರಡು ತಿಂಗ್ಳು ಮೇಡಂ. ನನ್ ಹೆಂಡ್ತಿನೂ ನನ್ನ ನಂಬ್ಲಿಲ್ಲ."

"ತಪ್ಪಾಯ್ತು, ಹನುಮಯ್ಯ."

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ತಲೆಯಾಡಿಸಿ ಯಂತ್ರದ ಕಡೆ ನಡೆದ. ಆ ಎರಡು ತಿಂಗಳಲ್ಲಿ ಕಾರ್ಖಾನೆಯಲ್ಲಿ ಕೆಲಸದ ವಿಷಯದ ಹೊರತು ಯಾರಾದರೂ ಅವಳೊಡನೆ ಆಡಿದ್ದು ಅದೊಂದೇ ಮಾತು.

ಮುಂದೆ ಪರೀಕ್ಷೆ ಪಾಸಾಗಿ ಅವಳು ಬ್ಯಾಂಕಿನ ಹುಬ್ಬಳ್ಳಿ ಶಾಖೆಗೆ ಹೊರಟಳು. ಟ್ರಂಕಿನ ಒಂದು ಹಿಡಿಯನ್ನು ಲಕ್ಷ್ಮಮ್ಮ ಹಿಡಿದಳು, ಇನ್ನೊಂದನ್ನು ಅವಳು. ಫ್ಯಾಕ್ಟರಿಯಿಂದ ಯಾರೂ ಬಂದಿರಲಿಲ್ಲ.