ಹನ್ನೊಂದು ಗಂಟೆಯೊಳಗೆ ಹೇಳಬೇಕು

ಹತ್ತೂ ಮೂವತ್ತೈದು ಅಂತಿದೆ ಕಾರಿನ ಗಡಿಯಾರ, ಸುಳ್ಳುಬುರುಕ, ಇಲ್ಲಿ ಷಿಕಾಗೊದಲ್ಲಿ ಈಗ ಒಂಬತ್ತೂ ಮೂವತ್ತೈದು, ಹತ್ತೂ ಮೂವತ್ತೈದು ಏನಿದ್ರೂ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ನಮ್ಮನೆ ಅಡುಗೆಮನೆ ಗೋಡೆ ಮೇಲೆ, ಅಮ್ಮಾ ಜಸ್ಟ್ ಚೇಂಜ್ ಇಟ್ ಅಂತಾಳೆ ಮಗಳು ಇಶಾ, ನಾನು ಇಲ್ಲಿ ವೆಸ್ಟ್‌ಮಂಟ್‌ಗೆ ಅವಳ ಮನೆಗೆ ಬಂದಾಗಲೆಲ್ಲ, ಯಾಕೆ ಮಾಡ್ಲಿ, ನಾನು ಮಿಶಿಗನ್ನಿನವಳು, ಎರಡು ದಿನದ ನೆಂಟಸ್ತಿಕೆಗೆ ಗಡಿಯಾರ ತಿರುಗಿಸೋದುಂಟಾ, ಒಂದು ಗಂಟೆ ಕಳೆದ್ರೆ ಆಯ್ತಪ್ಪ, ಮೂರು ದಶಮಾಂಶ ಸ್ಥಾನದವರೆಗೂ ಬಾಯಲ್ಲೇ ಲೆಕ್ಕ ಹಾಕೋಳಿಗೆ ಒಂದು ಗಂಟೆ ಕಳೆಯೋಕೆ ಬರಲ್ವಾ — ಹನ್ನೊಂದಕ್ಕೆ ಸುದ್ದಿ ಹೊರಗೆ ಹೋಗುತ್ತೆ ಆಂಟಿ, ಅಷ್ಟರೊಳಗೆ ನೀವೇ ಹೇಳಿ ಅಂದ ಜೈ ಬೆಳಿಗ್ಗೆ ಫೋನಲ್ಲಿ, ಡೆಟ್ರಾಯಿಟ್‌ನ ಆಫೀಸಿಂದ, ಜೈ ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮಿನ ಮುಖ್ಯಸ್ಥ, ಮೂವತ್ತೇಳು ವಯಸ್ಸು, ಅಮೆರಿಕದಲ್ಲೇ ಹುಟ್ಟಿದ ಹುಡುಗ, ನಾನು ಟೀಮಿನ ಅಂಕಿ ಅಂಶ ನೋಡೋಳು, ಔಷಧಿ ಡಾಕ್ಟರಲ್ಲ ಲೆಕ್ಕದ ಡಾಕ್ಟರು, ಮೀಟಿಂಗಲ್ಲಿ ಡಾಕ್ಟರ್ ಸುಹಾಸಿನಿ, ಪಾರ್ಕಿಂಗ್ ಲಾಟಲ್ಲಿ ಆಂಟಿ, ಅವನಮ್ಮ ದೇವಸ್ಥಾನದಲ್ಲಿ ಸಿಕ್ಕಾಗ ನಮ್ ಜೈನ ಸ್ವಲ್ಪ ನೋಡ್ಕೊಳ್ರೀ ಅಂತಾರೆ, ಅವನು ನನಗೆ ಬಾಸು ಕಣ್ರೀ, ನಾನೇನ್ ನೋಡ್ಕೊಳ್ಲಿ. ಹನ್ನೊಂದಕ್ಕೆ ಇನ್ನೂ ಒಂದೂಕಾಲು ಗಂಟೆ ಮೇಲಿದೆ. ಅಷ್ಟರೊಳಗೆ ಡೆವನ್ ಅವೆನ್ಯೂ ಹಿಂದಿನ ಆ ಪಾರ್ಕಿನ ಜಿಮ್ ಮುಟ್ಟಿ, ನಮ್ಮ ಆಟಗಾರ ಟೆರೆಲ್ ಎದುರಿಗೆ ನಿಂತು, ಅವನ ಮುಖ ನೋಡಿ, ನಿನ್ನನ್ನ ಪೋರ್ಟ್‌ಲ್ಯಾಂಡಿನ ಟೀಮಿಗೆ ಕೊಟ್ಬಿಟ್ವಿ ಅಂತ ನನ್ನ ಬಾಯಿಂದಲೇ ಹೇಳಬೇಕು, ಫೋನ್ ನೋಡಿ ಅವನಿಗೆ ಗೊತ್ತಾಗಬಾರದು, ಮಾತು ಕೊಟ್ಟಿದೀನಿ.

ಇಪ್ಪತ್ಮೂರನೇ ವಯಸ್ಸಿಗೆ ಒಂದು ಸಲ ಹೀಗೇ ಆಗಿತ್ತಂತೆ ಅವನಿಗೆ, ಕ್ಷೌರದಂಗಡಿ ಕುರ್ಚಿಯಲ್ಲಿ ಕೂತಿದ್ದಾನೆ, ಅರ್ಧ ತಲೆ ಆಗಿದೆ, ಗೋಡೆ ಮೇಲಿನ ಟೀವಿ ಹೇಳ್ತು ನೀನು ಇನ್ನು ಈ ಊರಿನ ಟೀಮಿನವನಲ್ಲ ಅಂತ, ನಗ್ತಾ ನಗ್ತಾ ಹೇಳ್ದ ನನಗೆ, ನಗ್ತಾ ಹೇಳೋನ ಕಣ್ಣು ನೋಡ್ಬೇಕಿತ್ತು, ಡಾಕ್, ಅವನ ಬಾಯಲ್ಲಿ ನಾನು ಡಾಕ್, ಇನ್ನೊಂದ್ ಸಲ ಹಾಗಾಗೋದಿದ್ರೆ ನೀವು ಬಂದು ಹೇಳಿ, ನೀವು ಸುತ್ತಿ ಬಳಸಿ ಮಾತಾಡಲ್ಲ. ಬರ್ತೀನಪ್ಪ ಅಂದೆ. ನಿನ್ನೆ ಸಾಯಂಕಾಲ ಮೆಸೇಜ್ ಮಾಡ್ದೆ, ನಾಳೆ ಬೆಳಿಗ್ಗೆ ಬರ್ತೀನಿ, ಮಾತಿದೆ. ಬನ್ನಿ ಡಾಕ್, ಅಷ್ಟೇ ಉತ್ತರ. ಏನು ಎತ್ತ ಕೇಳಲಿಲ್ಲ, ಎಂಥಾ ಹುಡುಗ, ಮೂವತ್ಮೂರು ವರ್ಷದವನನ್ನ ಹುಡುಗ ಅಂತೀನಿ ನೋಡು. ಟೂಹಿ ಎಕ್ಸಿಟ್, ಬಲಕ್ಕೆ ತಗೋ, ಸಿಗ್ನಲ್ ಹಾಕದೆ ನುಗ್ತಾನೆ ಈ ಪಿಕಪ್‌ನವನು, ಹೋಗಪ್ಪಾ ಹೋಗು, ನಿನಗೇನು ಮದುವೆ ಮುಹೂರ್ತ ಮೀರ್ತಿದೆಯಾ. ಅವನನ್ನ ಕೊಡೋಣ ಅಂತ ಬರೆದುಕೊಟ್ಟವಳು ನಾನೇ. ಎಂಬತ್ತೆರಡು ಆಟದಲ್ಲಿ ಹತ್ತೊಂಬತ್ತು ಗೆದ್ದಿದ್ದೀವಿ, ಬುಡದಿಂದ ಕಟ್ಟಬೇಕು, ಕಟ್ಟೋಕೆ ಏನಾದ್ರೂ ತರಬೇಕು, ತರೋಕೆ ಏನಾದ್ರೂ ಕೊಡಬೇಕು, ನಮ್ಮ ಹತ್ತಿರ ಇನ್ನೊಬ್ಬರು ಆಸೆಪಡುವಂಥದ್ದು ಟೆರೆಲ್ ಒಬ್ಬನೇ, ಬೇಡವಾದ್ದನ್ನ ಯಾರು ತಗೋತಾರೆ. ಇಟ್ಕೊಂಡ್ರೆ ಇನ್ನೆರಡು ವರ್ಷಕ್ಕೆ ಅವನ ಮಂಡಿ ಕೈಕೊಡುತ್ತೆ, ಗಾಳಿ ಬಂದಾಗ ತೂರಿಕೋ ಅಂತಾರಲ್ಲ. ಷಿಕಾಗೊದವರೂ ಕೇಳಿದ್ರು, ಅವನ ಹುಟ್ಟೂರು, ತಾಯಿ ಇಲ್ಲೇ ಇದಾರೆ, ಕೈಯಳತೆ ಸಂಬಂಧ, ಆದ್ರೆ ಬದಲಿಗೆ ಕೊಡ್ತೀನಿ ಅಂದಿದ್ದು ಆಪರೇಶನ್ ಆದ ಹೆಗಲಿನ ಒಬ್ಬನನ್ನ. ಪೋರ್ಟ್‌ಲ್ಯಾಂಡಿನವರು ಇಪ್ಪತ್ತೊಂದರ ಇಬ್ಬರನ್ನ ಕೊಡ್ತಾರೆ, ಇಬ್ಬರೂ ಚಿರತೆಗಳು, ಮೇಲೆ ನಾಲ್ಕು ವರ್ಷ ಬಿಟ್ಟು ಹೊಸ ಹುಡುಗನೊಬ್ಬನನ್ನ ಮೊದಲ ಸುತ್ತಲ್ಲಿ ಆರಿಸ್ಕೊಳ್ಳೋ ಹಕ್ಕು, ಆ ಹುಡುಗ ಈಗಿನ್ನೂ ಒಂಬತ್ತನೇ ಕ್ಲಾಸಲ್ಲಿ ಎಲ್ಲೋ ಹೋಂವರ್ಕ್ ಮಾಡ್ತಿರ್ತಾನೆ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದೆ, ಜೈಗೆ ಅರ್ಥವಾಗಲಿಲ್ಲ, ಅರ್ಥ ಹೇಳಿದ ಮೇಲೆ ನಕ್ಕೂ ನಕ್ಕೂ ಅದನ್ನ ಬಿಳೀ ಬೋರ್ಡಿನ ಮೇಲೆ ಇಂಗ್ಲಿಷಲ್ಲಿ ಬರೆದ. ಮೂರು ವಾರ ತೂಗಿದೆ. ತಕ್ಕಡಿ ಪೋರ್ಟ್‌ಲ್ಯಾಂಡ್ ಕಡೆಗೇ ವಾಲ್ತು. ಸರಿಯಾಗೇ ತೂಗಿದೀನಿ, ಇವತ್ತು ಇನ್ನೊಂದ್ ಸಲ ತೂಗಿದ್ರೂ ಹಾಗೇ ಬರುತ್ತೆ, ಅದೇ ಹೊಟ್ಟೆ ಉರಿಸೋದು.

ಯಾಕಂದ್ರೆ ಅವನು ಚೆಂಡು ಕೊಟ್ಟರೆ ಚೆಂಡು ಬಂದು ಕೈಯಲ್ಲಿ ಕೂರುತ್ತೆ, ನಾನೂ ಆಡಿದವಳೇ, ಮೈಸೂರಲ್ಲಿ ಕಾಲೇಜಿನ ಸಿಮೆಂಟು ಕೋರ್ಟಲ್ಲಿ ಮಂಡಿ ತರಚಿಕೊಂಡು ನಾಲ್ಕು ವರ್ಷ, ನನಗೆ ಗೊತ್ತು ಅದೇನು ಅಂತ, ಟೆರೆಲ್ ಅಂಗಳದಲ್ಲಿದ್ರೆ ಪಕ್ಕದ ಮೂರು ಕಾಸಿನ ಆಟಗಾರನೂ ರಾಜನ ಹಾಗೆ ಆಡ್ತಾನೆ, ಅದಕ್ಕೂ ಒಂದು ಅಂಕಿ ಮಾಡಿದೀನಿ, ಇನ್ನೊಂದು ಅಂಕಿ ಯಾರಿಗೂ ತೋರಿಸಿಲ್ಲ, ನನ್ನ ನೋಟ್‌ಬುಕ್ಕಲ್ಲಿ ಪೆನ್ಸಿಲ್ ಗೀಟು ಹಾಕ್ತಾ ಬಂದಿದೀನಿ, ಬಿದ್ದವರನ್ನ ಎಷ್ಟು ಸಲ ಕೈಕೊಟ್ಟು ಎಬ್ಬಿಸ್ದ ಅಂತ, ನಮ್ಮವರನ್ನೂ ಎದುರು ಪಾರ್ಟಿಯವರನ್ನೂ, ಇನ್ನೂರ ಹನ್ನೊಂದು. ನಲವತ್ತು ಪಾಯಿಂಟಿನಿಂದ ಸೋಲ್ತಿರೋ ಆಟದಲ್ಲೂ. ಊರಿನವರಿಗೆ ಗೊತ್ತಾಯ್ತಾ ಅವನ ಬೆಲೆ, ಹಿತ್ತಲ ಗಿಡ ಮದ್ದಲ್ಲ. ಕೌಸಲ್ಯತ್ತೆಗೆ ಗೊತ್ತಾಯ್ತು, ಎಂಬತ್ತು ವರ್ಷದ ಹೆಂಗಸು, ಮೈಸೂರಲ್ಲಿ ಕೂತು ನಾನು ಕಳಿಸೋ ವಿಡಿಯೋ ನೋಡ್ತಾಳೆ, ಬಿದ್ದೋರನ್ನ ಎತ್ತುತ್ತಾನಲ್ಲ ಆ ಉದ್ದದ ಹುಡುಗ ಹೇಗಿದಾನೆ ಅಂತಾಳೆ. ಟ್ರೇಡು ಅಂದ್ರೇನೇ ಅಂದ್ಲು ಒಂದ್ಸಲ, ಹೇಳ್ದೆ, ನಮ್ಮವನನ್ನ ಅವರಿಗೆ ಕೊಡೋದು ಅವರ ಕಡೆಯವನನ್ನ ನಾವು ತರೋದು ಅತ್ತೆ, ಓಹೋ ನಮ್ಮ ಸಾಟಿ ಮದುವೆ ಅನ್ನು ಅಂದ್ಲು. ಹೌದಲ್ಲ. ನಮ್ಮಪ್ಪನಿಗೆ ನಂಜನಗೂಡಿಂದ ನಮ್ಮಮ್ಮನ್ನ ತಂದ್ರು, ಅದಕ್ಕೆ ಸಾಟಿ ಅಪ್ಪನ ತಂಗಿ ಕೌಸಲ್ಯತ್ತೆಯನ್ನ ಅಮ್ಮನ ಅಣ್ಣನಿಗೆ ಕೊಟ್ರು, ಹದಿನೇಳು ವರ್ಷ ಅವಳಿಗೆ, ಟೈಪಿಂಗ್ ಕ್ಲಾಸು ಮುಗಿಸಿ ಮನೆಗೆ ಬರ್ತಾಳೆ, ಜಗಲಿ ಮೇಲೆ ಅವಳ ಹಸಿರು ಟ್ರಂಕು, ಮುಚ್ಚಳದ ಮೇಲೆ ಬಿಳೀ ಬಣ್ಣದಲ್ಲಿ ಅವಳ ಹೆಸರು, ಹಸಿ ಬಣ್ಣ, ಇನ್ನೂ ಒಣಗಿಲ್ಲ, ಅದನ್ನ ನೋಡಿ ಗೊತ್ತಾಯ್ತು ಕಣೇ ನನಗೆ. ಎಂಟು ದಿನದಿಂದ ಗೊತ್ತಿತ್ತಂತೆ ನಮ್ಮಪ್ಪನಿಗೆ, ಪಕ್ಕದ ಎಲೆಯಲ್ಲೇ ಕೂತು ಊಟ ಮಾಡಿದಾರೆ ಎಂಟು ದಿನ. ಕೊಟ್ರು ಅಂತ ಬೇಜಾರಿಲ್ಲ ಕಣೇ ಸುಹಾಸಿ, ಬಾಯ್ಬಿಟ್ಟು ಹೇಳಲಿಲ್ಲ ಅಂತ. ಅಷ್ಟಾದ್ರೂ ಆ ಮನೆಗೆ ಹೋಗಿ, ದಿನಾ ಜಗಳ ಕಾಯ್ತಿದ್ದ ಮನೆ, ನಿಲ್ಲಿಸಿದ್ಲಲ್ಲ ಅದನ್ನ, ಮೈದುನಂದಿರನ್ನ ಓದಿಸಿದ್ಲು, ಮಾವನ ಕುಡಿತ ಬಿಡಿಸಿದ್ಲು, ಮಹಾತಾಯಿ. ಕೊಟ್ಟವರಿಗಿಂತ ತಗೊಂಡವರೇ ಪುಣ್ಯವಂತರು, ಪೋರ್ಟ್‌ಲ್ಯಾಂಡಿನವರಿಗೂ ಅದೇ ಆಗುತ್ತೆ, ನೋಡ್ತಿರಿ.

ಡೆವನ್ ಬಂತು, ಬಂದು ನಿಂತೂ ಬಿಡ್ತು, ಮುಂದೆ ಬಸ್ಸು, ಬಸ್ಸಿನ ಮುಂದೆ ಸೀರೆ ಅಂಗಡಿಯವನ ವ್ಯಾನು ಅಡ್ಡಡ್ಡ, ಮಾವಿನ ಪೆಟ್ಟಿಗೆ ಹೊತ್ತ ಹೆಂಗಸು ನನ್ನ ಬಾನೆಟ್ಟು ಸವರಿಕೊಂಡೇ ಹೋದ್ಲು, ಪಾರ್ಕಿಂಗ್ ಎಲ್ಲಿದೆಯಪ್ಪ ಈ ಬೀದಿಯಲ್ಲಿ, ಇರ್ಲಿ, ಹತ್ತು ಈಗ ತಾನೇ ಆಗಿದೆ, ವಾಪಸ್ ಬರ್ತಾ ಇಶಾಗೆ ಒಂದು ಕಟ್ಟು ನುಗ್ಗೆಕಾಯಿ ತಗೋಬೇಕು. ಫೋನು. ಜೈ. ಆಂಟಿ, ಡಿಡ್ ಯು ಟೆಲ್ ಹಿಮ್, ಹೇಗೆ ತಗೊಂಡ. ಇನ್ನೂ ಇಲ್ಲ ಕಣೋ, ಟೈಮಿದೆಯಲ್ಲ, ಹನ್ನೊಂದು ಅಂದ್ಯಲ್ಲ. ಆಂಟಿ, ಹನ್ನೊಂದು ಅಂದ್ರೆ ನಮ್ಮ ಟೈಮ್, ಡೆಟ್ರಾಯಿಟ್ ಟೈಮ್, ಇಟ್ಸ್ ಔಟ್, ನಾಲ್ಕು ನಿಮಿಷ ಆಯ್ತು. ಕಾರಿನ ಗಡಿಯಾರ ನೋಡ್ತೀನಿ, ಹನ್ನೊಂದೂ ನಾಲ್ಕು, ಹಸಿರು ಅಂಕಿ, ನಿನ್ನೆಯಿಂದ ಸತ್ಯ ಹೇಳ್ತಾನೇ ಇತ್ತಲ್ಲೇ, ದರಿದ್ರದವಳೇ, ಡೆಟ್ರಾಯಿಟಿನಲ್ಲಿ ಕೂತವನು ಹನ್ನೊಂದು ಅಂದ್ರೆ ಯಾವ ಹನ್ನೊಂದು ಅಂತ ಕೇಳೋಕೆ ನಾಲಿಗೆಗೇನಾಗಿತ್ತು, ಏಕಾದಶಿಗೆ ಮಾತ್ರ ಷಿಕಾಗೊ ಪಂಚಾಂಗವಾ ಟ್ರಾಯ್ ಪಂಚಾಂಗವಾ ಅಂತ ನಾಲ್ಕು ಜನರನ್ನ ಕೇಳ್ತೀಯ, ಇಶಾ ಬಿಸಿ ಬಿಸಿ ಎರಡನೇ ದೋಸೆ ಹಾಕಿದ್ಲು ಅಂತ ಕಾಲು ಚಾಚಿ ತಿಂದ್ಯಲ್ಲ, ಆ ದೋಸೆ, ಆ ಇನ್ನೊಂದು ಲೋಟ ಕಾಫಿ, ಒಂದು ಗಂಟೆ ತಿಂದು ಕೂತೆ, ಎಂಟು ದಿನ ಪಕ್ಕದಲ್ಲಿ ಕೂತು ಉಂಡ ಅಪ್ಪನ ಮಗಳು ನೀನು, ಇನ್ನೇನಾಗ್ತೀಯ. ಬೆಂಕಿ ಆರಿಸೋ ನೀರಿನ ಹೈಡ್ರೆಂಟ್ ಪಕ್ಕ, ನಿಲ್ಲಿಸಬಾರದ ಜಾಗದಲ್ಲೇ, ನಿಲ್ಲಿಸ್ದೆ, ಎಳ್ಕೊಂಡು ಹೋಗ್ಲಿ ಕಾರನ್ನ, ಓಡು, ಐವತ್ನಾಲ್ಕರ ಮಂಡಿ, ಓಡು, ಎರಡು ಬ್ಲಾಕು, ಪಾನ್ ಅಂಗಡಿಯವನು ಏನಾಯ್ತು ಅಂತ ಹೊರಗೆ ಬಂದ, ಏನಾಯ್ತು ಅಂದ್ರೆ ಏನು ಹೇಳ್ಲಿ, ಈಗ ಅವನ ಕೈಯಲ್ಲಿ ಫೋನು, ಅದೇ ಕ್ಷೌರದಂಗಡಿ ಕಣ್ಣು, ಜಗಲಿ ಮೇಲೆ ಟ್ರಂಕು, ಓಡು.

ಜಿಮ್ ಬಾಗಿಲಾಚೆ, ಮೆಟ್ಟಿಲ ಮೇಲೆ, ಕೂತಿದಾನೆ. ಪಕ್ಕದಲ್ಲಿ ಬ್ಯಾಗು. ಟೀಮಿನದು, ಹಸಿರು ಬ್ಯಾಗು, ಬಿಳೀ ಅಕ್ಷರದಲ್ಲಿ ಅವನ ಹೆಸರು, ಎಷ್ಟು ಸಲ ನೋಡಿದೀನಿ ಆ ಬ್ಯಾಗನ್ನ, ಇವತ್ತೇ ನೋಡಿದ್ದು. ಕಾಲು ತೊಡರಿತು ಫುಟ್‌ಪಾತಿನ ಅಂಚಿಗೆ, ಕೈ ಊರಿ ಬಿದ್ದೆ, ಅವನೆದ್ದು ಬಂದು ಎರಡು ದಾಪುಗಾಲಿಗೆ ಕೈ ಚಾಚಿದ, ಎಬ್ಬಿಸ್ದ, ಇನ್ನೂರ ಹನ್ನೆರಡು, ಥೂ, ಈಗಲೂ ಲೆಕ್ಕವಾ ಸುಹಾಸಿನಿ. ಸಾರಿ ಟೆರೆಲ್, ಲೇಟಾಯ್ತು, ನಾನು ಗಂಟೆ ತಪ್ಪಿದೆ, ನಿನಗೆ ಗೊತ್ತಾಗಿರುತ್ತೆ — ಉಸಿರು ತಗೊಳ್ಳಿ ಡಾಕ್, ಏನೂ ಗೊತ್ತಿಲ್ಲ ನನಗೆ, ಫೋನು ಆಗಿಂದ ಹೊಡ್ಕೊಳ್ತಿದೆ, ತೆಗೆದು ಬ್ಯಾಗಿಗೆ ಹಾಕ್ದೆ, ಶೂ ಕೆಳಗೆ, ನೀವು ಬಂದು ಹೇಳ್ತೀನಿ ಅಂದಿದ್ರಲ್ಲ. ಕೂತು ಕಾಯ್ತಿದ್ದನಾ, ಗೊತ್ತಿದ್ದೂ ಗೊತ್ತಿಲ್ಲದವನಾಗಿ, ನನ್ನ ಮಾತು ಉಳೀಲಿ ಅಂತ, ಅಯ್ಯೋ ಪುಣ್ಯಾತ್ಮ, ನಿನ್ನಂಥವನನ್ನ ಕೊಟ್ನಲ್ಲೋ. ಮುಖ ಎತ್ತಿ ನೋಡ್ದೆ, ಎತ್ತರ, ಎಷ್ಟು ಎತ್ತರ. ಪೋರ್ಟ್‌ಲ್ಯಾಂಡ್, ಅಂದೆ, ನಾನೇ ಬರೆದುಕೊಟ್ಟೆ ಟೆರೆಲ್, ಅದನ್ನೂ ಅಂದೆ. ಪೋರ್ಟ್‌ಲ್ಯಾಂಡ್, ಅಂದ ಅವನು, ನಿಧಾನಕ್ಕೆ, ಬಾಯಲ್ಲಿ ಹಾಕಿ ನೋಡೋನ ಹಾಗೆ, ಥ್ಯಾಂಕ್ ಯು ಡಾಕ್, ನನ್ನ ಕೈ ಬಿಟ್ಟಿಲ್ಲ ಇನ್ನೂ, ಅಂಗೈ ತರಚಿದೆ, ಉರೀತಿದೆ, ಬ್ಯಾಗೊಳಗೆ ಫೋನು ಗುಂಯ್ ಅಂತಿದೆ, ಮೆಟ್ಟಿಲ ಮೇಲೆ, ಹಸಿರು, ಬಿಳೀ ಅಕ್ಷರ, ಹೆಸರು, ಜಗಲಿ ಮೇಲೆ, ಹಸಿ ಬಣ್ಣ —