ಮೂರನೇ ಎಲೆ

ಹೊನ್ನೂರಿನ ಪುಟ್ಟಮಾದಪ್ಪನವರಿಗೆ ಗದ್ದೆ ಇತ್ತು, ತೆಂಗಿತ್ತು. ಆದರೆ ಕಸುಬು ಯಾವುದೆಂದರೆ ಯೋಚನೆ ಹೇಳುವುದು. ಯಾರ ಆಲೆಮನೆ ಕೆಟ್ಟರೂ, ಯಾರ ಮಗ್ಗ ಕುಂಟಿದರೂ ಅವರನ್ನು ಕರೆಯಲು ಗಾಡಿ ಬರುತ್ತಿತ್ತು. ಹೋಗುವುದು, ಕೆಲಸದವರ ಜೊತೆ ಎಲೆಅಡಿಕೆ ಹಾಕುತ್ತಾ ಕೂರುವುದು, ಹೊಟ್ಟೆ ತುಂಬ ಉಣ್ಣುವುದು, ಕೈ ತೊಳೆದು ಬಂದು "ನೋಡಿ, ಇಂಗೆ ಮಾಡಿ" ಎನ್ನುವುದು. ಊಟವೇ ಸಂಭಾವನೆ. ದುಡ್ಡು ಮುಟ್ಟಿದರೆ ಮಾತಿನ ತೂಕ ಹೋಗುತ್ತದೆಂದು ಅವರ ನಂಬಿಕೆ. ಹೋಳಿಗೆ ಮುಟ್ಟಿದರೆ ಹೋಗುವುದಿಲ್ಲವೆಂದೂ.

ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಅಲ್ಲಿ ರೇಷ್ಮೆ ನೂಲು ತೆಗೆಸುವ ಗುರುಮಲ್ಲಪ್ಪ ವರ್ಷಕ್ಕೆರಡು ಸಲವಾದರೂ ಗಾಡಿ ಕಳಿಸುತ್ತಿದ್ದವನು, ಆ ವರ್ಷ ದಸರೆ ಬಂದರೂ ಕಳಿಸಲಿಲ್ಲ. ಅವನ ಅಕ್ಕನ ಮಗ ಷಡಕ್ಷರಿ ಕೊಯಮತ್ತೂರಿನ ಮಿಲ್ಲಿನಲ್ಲಿ ಎಫಿಷಿಯನ್ಸಿ, ಅಂದರೆ ಕಡಿಮೆ ಹೊತ್ತಿನಲ್ಲಿ ಹೆಚ್ಚು ಕೆಲಸ ತೆಗೆಯುವ ವಿದ್ಯೆ, ಕಲಿತು ಬಂದಿದ್ದನಂತೆ. ಗಡಿಯಾರ ಒತ್ತಿ ಒತ್ತಿ, ನೂಲು ತೆಗೆಯುವ ಹೆಂಗಸರು ಮಾತಿನಲ್ಲಿ ಎಷ್ಟು ಹೊತ್ತು ಕಳೆಯುತ್ತಾರೆಂದು ಗುರುತು ಹಾಕಿ, ಹನ್ನೊಂದು ಪುಟ ಟೈಪು ಮಾಡಿಸಿ ಕೊಟ್ಟನಂತೆ.

"ಆಗ್ಲಿ, ಒಸಬ್ರೂ ಬರ್ಬೇಕು" ಎಂದರು ಪುಟ್ಟಮಾದಪ್ಪನವರು. ಆದರೆ ಬೀದಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಜಗಲಿಗೆ ಬಂದು ನಿಲ್ಲತೊಡಗಿದರು. ಇನ್ನು ತಮ್ಮನ್ನು ಯಾರೂ ಕರೆಯುವುದಿಲ್ಲವೇನೋ ಎಂಬ ಭಯ ಹಿಡಿದಿತ್ತು.

ಗಾಡಿ ಬಂದದ್ದು ದೀಪಾವಳಿ ಕಳೆದ ಮೇಲೆ.

"ಈ ಕಾಗ್ದ ನೋಡಿ ಪುಟ್ಟಮಾದಪ್ಪನೋರೆ," ಕೊಳ್ಳೇಗಾಲದ ಮನೆ ಮುಟ್ಟುತ್ತಲೇ ಗುರುಮಲ್ಲಪ್ಪ ಹನ್ನೊಂದು ಪುಟವನ್ನೂ ಅವರ ಕೈಗಿಟ್ಟ. "ಎಲ್ಲಾ ಇಂಗ್ಲೀಸು. ಷಡಕ್ಷರಿ ಓದಿ ಏಳ್ದಂಗೇ ಮಾಡಿವ್ನಿ. ನೂಲು ಮಾತ್ರ ಕಡ್ದು ಕಡ್ದು ಬತ್ತಾ ಅದೆ."

"ಇಂಗ್ಲೀಸು ನಂಗೂ ಬರಾಕಿಲ್ಲ. ಊಟಕ್ಕೆ ಎಷ್ಟೊತ್ತು?"

"ಆಯ್ತಾ ಅದೆ."

"ಅಷ್ಟ್ರಲ್ಲಿ ಇಂದ್ಕೆ ಓಗ್ಬತ್ತೀನಿ."

ಹಿತ್ತಲಿನ ಕೊಟ್ಟಿಗೆಯಲ್ಲಿ ಒಲೆಯ ಮೇಲೆ ರೇಷ್ಮೆಗೂಡು ಕುದಿಯುತ್ತಿತ್ತು, ಹೊಗೆ ಹೊಸದೊಂದು ಕೊಳವೆಯಲ್ಲಿ ಸೂರಿನಾಚೆ ಹೋಗುತ್ತಿತ್ತು. ಒಬ್ಬಳು ಬಿಸಿನೀರಿನಿಂದ ಎಳೆ ತೆಗೆಯುತ್ತಾಳೆ, ಎದುರಿನವಳು ರಾಟೆ ತಿರುಗಿಸುತ್ತಾಳೆ. ಈಗ ಇಬ್ಬರ ನಡುವೆ ಒಂದು ಬಿದಿರು ತಟ್ಟಿ ಕಟ್ಟಿ, ಎಳೆ ಹೋಗುವಷ್ಟು ಕಿಂಡಿ ಬಿಟ್ಟಿದ್ದರು. ಮಾತಾಡದಿರಲೆಂದು.

"ಏನ್ ನಿಂಗಮ್ಮ, ಉಸ್ರೇ ಇಲ್ವಲ್ಲ?"

ಇಪ್ಪತ್ತು ವರ್ಷದಿಂದ ಅದೇ ಒಲೆಯ ಮುಂದೆ ಕೂತ ಚಿಕ್ಕನಿಂಗಮ್ಮ ತಲೆ ಎತ್ತಲಿಲ್ಲ. "ಮಾತಾಡುದ್ರೆ ನೂಲು ಕಮ್ಮಿ ಆಯ್ತದಂತೆ ಬುದ್ದಿ. ಈಗ ಎಳೆ ಕಡುದ್ರೆ ಅವ್ಳಿಗೆ ಕಾಣಾಕಿಲ್ಲ, ನಾನು 'ನಿಲ್ಸಮ್ಮಿ' ಅನ್ನಂಗಿಲ್ಲ. ಅವ್ಳು ಬರೀ ರಾಟೆ ತಿರುಗುಸ್ತಾ ಕೂತವ್ಳೆ! ನಮ್ ಮಾತ್ಗೆ ಗಡಿಯಾರ ಇಡುದ್ರು, ಏನ್ ಮಾತು ಅಂತ ಕೇಳ್ನಿಲ್ಲ."

"ಗುರುಮಲ್ಲಪ್ಪಂಗೆ ನೀನೇ ಏಳ್ಬಾರ್ದಾ?"

"ಏಳ್ದೆ. ನಾವೇಳುದ್ರೆ ಕೇಳ್ತಾರಾ? ನೀವು ಉಂಡ್ಬುಟ್ಟು ಏಳಿ, ಕೇಳ್ತಾರೆ."

ಊರೂರಿಗೆ ಯೋಚನೆ ಹೇಳಿದ ಪುಟ್ಟಮಾದಪ್ಪನವರು ತಟ್ಟಿಯ ಕಿಂಡಿಯಲ್ಲಿ ಒಮ್ಮೆ ಇಣುಕಿದರು. ತಿರುಗಿದರೆ ಬಾಗಿಲಲ್ಲಿ ಷಡಕ್ಷರಿ. ಎಲ್ಲ ಕೇಳಿಸಿಕೊಂಡಿದ್ದ, ಮುಖ ಬಿಳಿಚಿತ್ತು.

"ದೊಡ್ಡಪ್ಪ, ಈ ತಟ್ಟಿ ಸಂಗ್ತಿ ಮಾವಂಗೆ ಏಳ್ಬುಟ್ರೆ, ನನ್ನ ಇನ್ಯಾರೂ ಕರೆಯಾಕಿಲ್ಲ."

ಎಷ್ಟು ತಿಂಗಳು ಕಾದಿದ್ದರು ಈ ಗಳಿಗೆಗೆ! ಆದರೆ ಹುಡುಗನ ಮುಖದಲ್ಲಿ, ಜಗಲಿಯಲ್ಲಿ ಗಾಡಿಗೆ ಕಾದು ನಿಂತ ತಮ್ಮದೇ ಮುಖ ಕಂಡಂತಾಯಿತು.

"ಒಲೆಗೆ ಒಗೆ ಕೊಳ್ವೆ ಇಡ್ಸಿದ್ದು ನೀನೇ ಏನ್ಲಾ?"

"ಊಂ."

"ಈ ಎಂಗುಸ್ರ ಕಣ್ಣುರಿ ತಪ್ತು. ಇಷ್ಟೊರ್ಸ ಬಂದು ಉಂಡೋದೆ, ನಂಗೆ ಒಳೀನಿಲ್ಲ ಕಣ್ಲಾ. ಓಗು, ಇನ್ನೊಂದು ಪುಟ ಬರಿ. ತಟ್ಟಿ ತೆಗೀಬೇಕು, ಮಾತಾಡಾಕ್ ಬಿಡ್ಬೇಕು ಅಂತ. ಇಂಗ್ಲೀಸ್ನಲ್ಲೇ ಬರಿ."

ಹನ್ನೆರಡನೇ ಪುಟವನ್ನು ಷಡಕ್ಷರಿ ಓದಿ ಹೇಳಿದಾಗ ಗುರುಮಲ್ಲಪ್ಪ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

"ಓದಿದೋರ ತಲೆ ಅಂದ್ರೆ ಇದು! ಏನಂತೀರಿ ಪುಟ್ಟಮಾದಪ್ಪನೋರೆ?"

"ಸರ್ಯಾಗೇ ಬರ್ದವ್ನೆ."

"ನೀವೂ ಊಂ ಅಂದ್ರಿ, ಧೈರ್ಯ ಬಂತು. ಮುಂದ್ಕೆ ಇಬ್ರಿಗೂ ಒಂದೇ ಗಾಡಿ ಕಳಿಸ್ತೀನಿ. ಬನ್ನಿ ಬನ್ನಿ, ಎಲೆ ಆಕವ್ರೆ."

ಎರಡು ಎಲೆ, ಎರಡರಲ್ಲೂ ಹೋಳಿಗೆ. ಪುಟ್ಟಮಾದಪ್ಪನವರು ಕೂರಲಿಲ್ಲ.

"ಇನ್ನೊಂದು ಎಲೆ ಆಕ್ಸಪ್ಪ."

"ಯಾರ್ಗೆ?"

"ಯೋಚ್ನೆ ಏಳ್ದೋರ್ಗೆ."

ಗುರುಮಲ್ಲಪ್ಪ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. "ಇಬ್ರೂ ಇಲ್ಲೇ ಇದ್ದೀರಲ್ಲ?"

ಪುಟ್ಟಮಾದಪ್ಪನವರು ಆಗಲೇ ಹಿತ್ತಲ ಬಾಗಿಲಲ್ಲಿ ನಿಂತು, "ನಿಂಗಮ್ಮ, ಕೈ ತೊಳ್ಕಂಡು ಬಾ" ಎಂದು ಕೂಗುತ್ತಿದ್ದರು.